ಬೆಟ್ಟದ ತಪ್ಪಲಿನ ಸ್ನೇಹಿತರ ಮನೆ

ಮೇ ತಿಂಗಳ ಕೊನೆಯ ದಿನ ಧರ್ಮಸಭೆಯು ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂಧಿಸಿದ ಹಬ್ಬವನ್ನು ಆಚರಿಸುತ್ತದೆ. ಹಿಂದೆ ಜುಲೈ 2ರಂದು ಬರುತ್ತಿದ್ದ ಈ ಹಬ್ಬವನ್ನು 1969ರ ಪಂಚಾಂಗ ಸುಧಾರಣೆಯಲ್ಲಿ ಮೇ 31ಕ್ಕೆ ತರಲಾಯಿತು. ಸಂತ ಲೂಕರು ಬರೆದಿರುವುದನ್ನು ಗಮನವಿಟ್ಟು ಓದಿದರೆ, ಅದು ಬೆಟ್ಟದ ಸೀಮೆಗೆ ಹೋದ ಪ್ರಯಾಣದ ಕಥೆ. ನಜರೇತಿನಿಂದ ಯೂದಾಯದ ಬೆಟ್ಟಗಳಿಗೆ ನೂರು ಕಿಲೋಮೀಟರಿಗೂ ಮೀರಿದ ದಾರಿ. ಸಂಪ್ರದಾಯವು ಆ ಊರನ್ನು ಜೆರುಸಲೇಮಿನ ಪಕ್ಕದ ಐನ್ ಕರೀಮ್ ಎಂದು ಗುರುತಿಸುತ್ತದೆ. ಲೂಕರು ಮಾತ್ರ ಊರಿನ ಹೆಸರನ್ನು ಹೇಳುವುದಿಲ್ಲ. ಅವರು ಮರೆಯದೆ ಹೇಳುವ ಮಾತು ಬೇರೆ: ಆಕೆ ತಡಮಾಡದೆ ಹೊರಟಳು, ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿದಳು.

ಈ ‘ತಡಮಾಡದೆ’ ಎಂಬ ಮಾತು ಹತ್ತು ವರ್ಷ ನನ್ನನ್ನು ಚುಚ್ಚುತ್ತಿತ್ತು. ಏಕೆಂದು ಮುಂದೆ ಹೇಳುತ್ತೇನೆ.

ಬೇಸಿಗೆ ಬಂತೆಂದರೆ ಇಂದು ನಮ್ಮ ಕುಟುಂಬಗಳು ಊಟಿ, ಕೊಡೈಕೆನಾಲ್ ಎಂದು ಹೊರಡುತ್ತವೆ. ನಮ್ಮ ಕಾಲದಲ್ಲಿ ಕೈಯಲ್ಲಿ ಅಷ್ಟು ಕಾಸಿರಲಿಲ್ಲ. ಹಾಗೆಂದು ಬೆಟ್ಟಕ್ಕೆ ಹೋಗದೆಯೂ ಇರುತ್ತಿರಲಿಲ್ಲ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ದೇವನಹಳ್ಳಿಯನ್ನು ದಾಟಿದರೆ ನಂದಿ ಬೆಟ್ಟವಿತ್ತು. ಅದರ ತೆಂಕಣ ತಪ್ಪಲಿನಲ್ಲಿ, ದೇವನಹಳ್ಳಿ ತಾಲ್ಲೂಕಿಗೆ ಸೇರಿದ ಹಳ್ಳಿಯೊಂದರಲ್ಲಿ ನನ್ನ ಸ್ನೇಹಿತನ ಮನೆಯಿತ್ತು. ಅವನನ್ನು ಇಲ್ಲಿ ‘ಗೌಡ’ ಎಂದಷ್ಟೇ ಕರೆಯುತ್ತೇನೆ. ಪತ್ರಿಕೆಯಲ್ಲಿ ಹೆಸರು ಬಂದರೆ ಅವನಿಗೆ ಸಂಕೋಚ.

ನಾವಿಬ್ಬರೂ 1978ರಲ್ಲಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದವರು. ಒಂದೇ ಕೋಣೆಯ ಬಾಡಿಗೆಯನ್ನು ಹಂಚಿಕೊಂಡವರು. ಐದು ವರ್ಷಗಳ ನಂತರ ಅವನ ತಂದೆ ತೀರಿಕೊಂಡರು. ಅವನು ನೌಕರಿ ಬಿಟ್ಟು ಹೊಲಕ್ಕೆ ಹಿಂದಿರುಗಿದ. ಆ ಬಳಿಕ ಪ್ರತಿ ಮೇ ತಿಂಗಳು ಮೂರು ದಿನ ನಮ್ಮ ಸಂಸಾರ ಅವನ ಮನೆಯಲ್ಲಿ. ಮಕ್ಕಳಿಗೆ ಶಾಲೆಯ ಫಲಿತಾಂಶಕ್ಕಿಂತ ಆ ಮೂರು ದಿನಗಳದ್ದೇ ಧ್ಯಾನ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದರೆ ಯಲಹಂಕ ದಾಟಿದೊಡನೆ ಗಾಳಿ ಬದಲಾಗುತ್ತಿತ್ತು. ಟಿಪ್ಪು ಸುಲ್ತಾನ್ ಹುಟ್ಟಿದ ದೇವನಹಳ್ಳಿಯ ಕೋಟೆ, ಹಿತ್ತಿಲುಗಳಲ್ಲಿ ತಲೆಗಾತ್ರದ ಚಕ್ಕೋತ, ಆಮೇಲೆ ದಾರಿಯುದ್ದಕ್ಕೂ ಕಲ್ಲುಕಂಬಗಳ ಮೇಲೆ ಹಬ್ಬಿದ ದ್ರಾಕ್ಷಿ ಚಪ್ಪರ. ಕಪ್ಪು ನೀಲಿ ಬಣ್ಣದ, ಸಿಪ್ಪೆ ದಪ್ಪವಿರುವ ‘ಬೆಂಗಳೂರು ನೀಲಿ’ ದ್ರಾಕ್ಷಿ ಅದು. ಬೆಂಗಳೂರಿನ ಕ್ರೈಸ್ತ ಮನೆಗಳಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಕಟ್ಟಿಡುವ ವೈನು ಆ ಹಣ್ಣಿನದೇ. ನಮ್ಮ ಮನೆಯ ಭರಣಿಗೆ ಹಣ್ಣು ಬರುತ್ತಿದ್ದುದು ಗೌಡನ ತೋಟದಿಂದ. ಪ್ರತಿ ನವೆಂಬರಿನಲ್ಲಿ ಒಂದು ಬಿದಿರಿನ ಬುಟ್ಟಿ, ಕಾಸು ಕೇಳುವಂತಿರಲಿಲ್ಲ.

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದ ತಿಂಗಳಲ್ಲವೇ? ಸಂಜೆ ನಾವು ಅವರ ಪಡಸಾಲೆಯಲ್ಲಿ ಜಪಸರ ಮಾಡುತ್ತಿದ್ದೆವು. ಗೌಡನ ತಾಯಿ ದೀಪ ಹಚ್ಚಿ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದರು. ಮಂತ್ರ ಬಾರದಿದ್ದರೂ ಮುಗಿಯುವವರೆಗೆ ಏಳುತ್ತಿರಲಿಲ್ಲ. ಶುಕ್ರವಾರ ನಾವು ಮಾಂಸ ತಿನ್ನುವುದಿಲ್ಲವೆಂಬುದು ಆ ಮನೆಗೆ ನಮ್ಮ ಮಕ್ಕಳಿಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಅಂದು ಮುದ್ದೆಗೆ ಹುರುಳಿ ಬಸ್ಸಾರು, ಶನಿವಾರ ನಾಟಿಕೋಳಿ.

ಇನ್ನು ಬೆಟ್ಟದ ವಿಷಯ. ನಂದಿಯ ಎತ್ತರ 1,478 ಮೀಟರ್. ಬೆಂಗಳೂರಿಗಿಂತ ಐನೂರೈವತ್ತು ಮೀಟರಿನಷ್ಟು ಹೆಚ್ಚು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಗಿಂತ ತುಸು ಹೆಚ್ಚು ಸೆಖೆ ಇಳಿಯುತ್ತದೆಂಬ ಲೆಕ್ಕದಲ್ಲಿ ನೋಡಿದರೆ ಅಲ್ಲಿ ಸಿಗುವ ತಂಪು ಮೂರು ನಾಲ್ಕು ಡಿಗ್ರಿಯದು. ಆದರೆ ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಿ ಬಂದವನಿಗೆ ಆ ಮೂರು ಡಿಗ್ರಿಯೇ ಸ್ವರ್ಗ. ಟಿಪ್ಪು ಅಲ್ಲಿ ಬೇಸಿಗೆಯ ಅರಮನೆ ಕಟ್ಟಿಸಿದ. 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿಯಿತು. ಆಮೇಲೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಬೇಸಿಗೆ ಕಳೆಯಲು ಅಲ್ಲಿ ಬಂಗಲೆ ಮಾಡಿಕೊಂಡ. ನಂದಿಯ ಸುತ್ತಮುತ್ತಲೇ ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳ ಹುಟ್ಟು. 1894ರಲ್ಲಿ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಇದೇ ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ.

ಗಾಂಧೀಜಿ ಇಲ್ಲಿಗೆ ಎರಡು ಬೇಸಿಗೆ ಬಂದಿದ್ದರು. 1927ರಲ್ಲಿ ಪ್ರವಾಸದ ಆಯಾಸದಿಂದ ರಕ್ತದೊತ್ತಡ ಏರಿ ಕುಸಿದಾಗ ರಾಜಾಜಿ ಮೊದಲಾದ ಸ್ನೇಹಿತರು ಅವರನ್ನು ನಂದಿಗೆ ಕರೆತಂದರು. ಏಪ್ರಿಲ್ ಕೊನೆಯ ಭಾಗದಿಂದ ಜೂನ್ ಮೊದಲ ವಾರದವರೆಗೆ ಅವರು ಅಲ್ಲಿದ್ದರು. ಮತ್ತೆ 1936ರ ಮೇ ತಿಂಗಳಲ್ಲಿ ಬಂದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ಆ ಸಲದ ಒಂದು ಭೇಟಿ ನಮ್ಮ ಓದುಗರಿಗೆ ಹೊಸದಾಗಿರಬಹುದು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದ ಸರ್ ಸಿ. ವಿ. ರಾಮನ್ ಬೆಟ್ಟಕ್ಕೆ ಒಬ್ಬ ಅತಿಥಿಯನ್ನು ಕರೆತಂದರು. ಹೆಸರು ಡಾ. ರಾಹ್ಮ್. ಜೀವವಿಜ್ಞಾನಿ, ಅದರೊಂದಿಗೆ ಕ್ರೈಸ್ತ ಸಂನ್ಯಾಸಿ. ಅನ್ನ ನೀರಿಲ್ಲದೆ ಹನ್ನೆರಡು ವರ್ಷ ಬದುಕಿರಬಲ್ಲ ಒಂದು ಸೂಕ್ಷ್ಮಜೀವಿಯನ್ನು ಕಂಡುಕೊಂಡವರು ಇವರು ಎಂದು ರಾಮನ್ ಪರಿಚಯಿಸಿದಾಗ, ಉಪವಾಸಕ್ಕೆ ಹೆಸರಾದ ಗಾಂಧೀಜಿ, ಅದರ ಗುಟ್ಟು ತಿಳಿದರೆ ನನಗೂ ಹೇಳಿ ಎಂದು ನಗೆಯಾಡಿದರಂತೆ. ಸಂನ್ಯಾಸಿಗಳು ಕೇಳಿದ್ದು ಧರ್ಮಗಳ ನಡುವಿನ ಐಕ್ಯದ ಬಗ್ಗೆ. ಅದು ಕ್ರೈಸ್ತರ ಮೇಲೆ ಅವಲಂಬಿಸಿದೆ ಎಂಬುದು ಗಾಂಧೀಜಿಯ ಉತ್ತರ. ಮಾತು ಸ್ವಲ್ಪ ಖಾರವೇ. ಆದರೂ ಗೌಡನ ತಾಯಿ ನಮ್ಮ ಜಪಸರದ ಪಕ್ಕದಲ್ಲಿ ಕುಳಿತಿದ್ದುದನ್ನು ನೆನೆದಾಗ, ಆ ಅಜ್ಜಿಯ ಪಾಲಿನ ಕೆಲಸವನ್ನು ಅವರು ಮಾಡಿ ಮುಗಿಸಿದ್ದರು, ಉಳಿದದ್ದು ನಮ್ಮ ಪಾಲು ಎಂದು ನನಗೆ ಅನ್ನಿಸುತ್ತದೆ.

ನನ್ನ ಪಾಲನ್ನು ನಾನು ನೆರವೇರಿಸಿದ ಬಗೆಯನ್ನು ಈಗ ಹೇಳಬೇಕು.

2013ರ ನವೆಂಬರಿನಲ್ಲಿ ಗೌಡ ದ್ರಾಕ್ಷಿಯ ಬುಟ್ಟಿಯನ್ನು ತಾನೇ ಹೊತ್ತು ತಂದ. ಕಾಫಿ ಕುಡಿದ. ಎದ್ದು ನಿಂತವನು ಮತ್ತೆ ಕುಳಿತ. ಇದ್ದ ಎರಡು ಕೊಳವೆಬಾವಿಗಳೂ ಬತ್ತಿದ್ದವು, ಸಾವಿರದ ಇನ್ನೂರು ಅಡಿಗೆ ಇನ್ನೊಂದನ್ನು ಕೊರೆಸಬೇಕು, ಒಂದೂವರೆ ಲಕ್ಷ ಕಡಮೆ ಬಿದ್ದಿದೆ ಎಂದ. ಮೂವತ್ತೈದು ವರ್ಷಗಳ ಸ್ನೇಹದಲ್ಲಿ ಅವನು ನನ್ನನ್ನು ಹಣ ಕೇಳಿದ್ದು ಅದೊಂದೇ ಬಾರಿ. ನನ್ನ ಪುಸ್ತಕದಲ್ಲಿ ಹಣವಿತ್ತು. ಮಗಳ ಮದುವೆಗೆಂದು ಕೂಡಿಟ್ಟದ್ದು. ‘ಮದುವೆಗೆ ಬೇಕು ಕಣಯ್ಯ’ ಎಂದು ನೇರವಾಗಿ ಹೇಳಬಹುದಾಗಿತ್ತು. ನಾನು ಹೇಳಿದ್ದು, ‘ನನ್ನ ಹತ್ತಿರ ಏನೂ ಇಲ್ಲ’ ಎಂದು. ಅವನು ತಲೆಯಾಡಿಸಿ ಹೊರಟುಹೋದ. ಬುಟ್ಟಿ ನಮ್ಮ ಅಡಿಗೆಮನೆಯಲ್ಲಿ ಉಳಿಯಿತು.

ಮುಂದಿನ ಮೇ ತಿಂಗಳಲ್ಲಿ ಮದುವೆಯಾಯಿತು. ಗೌಡ ಹೆಂಡತಿಯೊಡನೆ ಬಂದ, ಪೂಜೆ ಮುಗಿಯುವವರೆಗೆ ದೇವಾಲಯದ ಹಿಂದಿನ ಸಾಲಿನಲ್ಲಿ ಕುಳಿತ, ಊಟದ ಪಂಕ್ತಿಯಲ್ಲಿ ಬಕೆಟ್ಟು ಹಿಡಿದು ಸಾರು ಬಡಿಸಿದ. ಮದುವೆಯ ವೈಭವವನ್ನು ನೋಡಿದ ಮೇಲೆ ನನ್ನ ಬಳಿ ಏನೂ ಇರಲಿಲ್ಲವೆಂದು ಯಾರು ನಂಬುತ್ತಾರೆ? ಆ ವರ್ಷವೂ ಅದರ ಮರುವರ್ಷವೂ ದ್ರಾಕ್ಷಿ ಬಸ್ಸಿನಲ್ಲಿ ಬಂತು. 2016ರಿಂದ ಬರಲಿಲ್ಲ. ಬಳ್ಳಿ ಕಿತ್ತು ಹಾಕಿದನೆಂದು ಯಾರಿಂದಲೋ ತಿಳಿಯಿತು. ನಾನು ಹೋಗಲಿಲ್ಲ. ಮೊಣಕಾಲು ನೋವು, ಮೊಮ್ಮಗುವಿನ ಬಾಣಂತನ, ಆಮೇಲೆ ಕೊರೋನಾ, ನೆಪಗಳಿಗೇನು ಬರವೇ? ಹತ್ತು ಬೇಸಿಗೆ ಕಳೆದವು. ಪಾಪಸಂಕೀರ್ತನೆಯಲ್ಲಿ ಈ ಸುಳ್ಳನ್ನು ಎರಡು ಸಲ ಹೇಳಿಕೊಂಡಿದ್ದೆ. ಗುರುಗಳು ಎರಡನೆಯ ಸಲ, ‘ಇದನ್ನು ಹೇಳಬೇಕಾದ ಮನೆ ಇನ್ನೊಂದಿದೆಯಲ್ಲ’ ಎಂದರು.

2025ರ ಮೇ 30, ಶುಕ್ರವಾರ, ನಾನೂ ನನ್ನ ಹೆಂಡತಿಯೂ ಹೊರಟೆವು. ದಾರಿ ಗುರುತು ಸಿಗದಷ್ಟು ಬದಲಾಗಿತ್ತು. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲಿನ ಹದಿನೇಳು ವರ್ಷಗಳಲ್ಲಿ ಚಪ್ಪರಗಳಿದ್ದ ಕಡೆ ಬಡಾವಣೆಯ ಕಮಾನುಗಳು ಎದ್ದಿದ್ದವು. ಅಲ್ಲಲ್ಲಿ ನೀಲಗಿರಿ ತೋಪು. 2017ರಲ್ಲಿ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ ಇದ್ದದ್ದು ಇದ್ದೇ ಇತ್ತು.

ಬಾಗಿಲಲ್ಲಿ ಗೌಡನ ಹೆಂಡತಿ. ಒಂದು ಗಳಿಗೆ ನೋಡಿ, ‘ಅಣ್ಣ ಬಂದವ್ರೆ ನೋಡಿ!’ ಎಂದು ಒಳಗೆ ಕೂಗಿದರು. ಗೌಡ ಹೊರಬಂದ. ಸೊರಗಿದ್ದ. ‘ಬಂದ್ಯಾ? ಬಾ, ಕಾಲು ತೊಳ್ಕೊ’ ಎಂದ, ಹೋದ ವಾರವಷ್ಟೇ ಬಂದು ಹೋದವನಿಗೆ ಹೇಳಿದಂತೆ. ಗೋಡೆಯ ಮೇಲೆ ಅವನ ತಾಯಿಯ ಭಾವಚಿತ್ರಕ್ಕೆ ಗಂಧದ ಹಾರವಿತ್ತು. ತೀರಿಕೊಂಡು ಆರು ವರ್ಷವಾಗಿತ್ತು. ನಮಗೆ ಹೇಳಿ ಕಳುಹಿಸಿರಲಿಲ್ಲ. ನನ್ನ ಹೆಂಡತಿ ಆ ಚಿತ್ರದ ಮುಂದೆ ನಿಂತು ಬಹಳ ಹೊತ್ತು ಅತ್ತಳು. ರಾತ್ರಿ ಎಲೆಗೆ ಮುದ್ದೆ, ಹುರುಳಿ ಬಸ್ಸಾರು ಬಂದವು. ‘ಶುಕ್ರವಾರ ಅಲ್ವಾ’ ಎಂದರು ಆಕೆ.

ಊಟದ ಹೊತ್ತಿಗೆ ಮಾತು ಬಂದದ್ದು ಆಕೆಯ ತವರಿನ ವಿಚಾರ. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ಕುಳಿತವರಲ್ಲಿ ಆಕೆಯ ತಮ್ಮನೂ ಒಬ್ಬ. (ನಾವು ಬಂದ ಆರೇಳು ವಾರಗಳಿಗೆ, ಜುಲೈ 15ರಂದು, ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅಂದು ಆಕೆ ಫೋನಿನಲ್ಲಿ ಅತ್ತದ್ದನ್ನು ನನ್ನ ಹೆಂಡತಿಯೂ ಅತ್ತು ಕೇಳಿದಳು.)

ಮರುದಿನ ಮುಂಜಾನೆ ಬೆಟ್ಟಕ್ಕೆ ಹೋದೆವು. ಇಬ್ಬರ ಮೊಣಕಾಲೂ ಮೆಟ್ಟಿಲಿಗೆ ಒಪ್ಪುವಂತಿರಲಿಲ್ಲವಾದ್ದರಿಂದ ಗೌಡನ ಮಗ ಕಾರಿನಲ್ಲಿ ಬಿಟ್ಟ. ಮಂಜು ಕೋಟೆಯ ಗೋಡೆಯನ್ನು ದಾಟಿ ಒಳಗೆ ಬರುತ್ತಿತ್ತು. ಶನಿವಾರವಾದ್ದರಿಂದ ಜನಜಂಗುಳಿ, ನಾವು ಅಮೃತ ಸರೋವರದ ಮೆಟ್ಟಿಲಿನ ಬಳಿ ಕುಳಿತೆವು. ನಾನು ಡಾ. ರಾಹ್ಮ್‌ರ ಜೀವಿಯ ಕಥೆ ಹೇಳಿದೆ. ಗೌಡ ನಕ್ಕ. ‘ನಮ್ಮ ಕೆರೆ ಮೀನೂ ಹಂಗೇ. ಅಷ್ಟು ವರ್ಷ ಬರೀ ಜಾಲಿ ಬೆಳೆದಿತ್ತು. ನೀರು ಬಂತು, ಮೀನು ಎಲ್ಲಿಂದ ಬಂತೋ ಯಾರಿಗ್ಗೊತ್ತು’ ಎಂದ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಈ ಕಡೆಯ ಕೆರೆಗಳಿಗೆ ಹರಿಸುವ ಯೋಜನೆಯಿಂದ ಅವರ ಕೆರೆಗೂ ನೀರು ಬಂದಿತ್ತು, ಕೊಳವೆಬಾವಿಯಲ್ಲೂ ನೀರು ಮೇಲೆದ್ದಿತ್ತು. ಮೂರನೆಯ ಹಂತದ ಸಂಸ್ಕರಣೆಯೂ ಆಗಲೇಬೇಕೆಂದು ರೈತರು ಒತ್ತಾಯಿಸುತ್ತಿದ್ದರು. ‘ನಿಮ್ಮೂರಿನ ಬಚ್ಚಲ ನೀರು ಕಣಯ್ಯ. ಕುಡಿಯಕ್ಕೆ ಅಂಜಿಕೆ, ಬೇಡ ಅನ್ನಕ್ಕೂ ಆಗಲ್ಲ’ ಎಂದ.

ಆಗ ನಾನು ಹೇಳಿದೆ: ‘ಅವತ್ತು ನನ್ನ ಹತ್ತಿರ ದುಡ್ಡಿತ್ತು.’

‘ಗೊತ್ತಿತ್ತು’ ಎಂದ ಗೌಡ. ‘ಮದುವೆಗೆ ಆರು ತಿಂಗಳಿತ್ತು, ಇಲ್ಲದೆ ಇರ್ತದಾ? ಕೊಟ್ಟಿದ್ರೂ ಪ್ರಯೋಜನ ಇರ್ಲಿಲ್ಲ. ಬಡ್ಡಿಗೆ ತಂದು ಕೊರೆಸ್ದೆ, ಬರೀ ಧೂಳು ಬಂತು.’

‘ಗೊತ್ತಿದ್ದೂ ಯಾಕೆ ಕೇಳ್ದೆ?’

‘ಇನ್ಯಾರನ್ನ ಕೇಳ್ಲಿ?’

ಸ್ವಲ್ಪ ಹೊತ್ತಿನ ನಂತರ ಅವನೇ ಮತ್ತೆ ಹೇಳಿದ. ‘ಇಲ್ಲ ಅಂದಿದ್ದಕ್ಕೆ ಬೇಜಾರಿಲ್ಲ ಕಣಯ್ಯ. ಅಮ್ಮ ಕೊನೇಲಿ, ಮೇ ತಿಂಗಳು ಬಂತಲ್ಲ, ಅವರು ಬರ್ಲಿಲ್ವಾ, ಅಂತ ಕೇಳ್ತಿದ್ಲು. ಅದೊಂದು ಬೇಜಾರಾಯ್ತು.’

ನನಗೆ ಉತ್ತರವಿರಲಿಲ್ಲ. ಕೆಳಗೆ ಮಂಜು ಹರಿದು ದೇವನಹಳ್ಳಿಯ ಬಯಲು ಕಾಣತೊಡಗಿತು.

ಆ ಸಂಜೆ, ಹಬ್ಬದ ದಿನ, ನಾವಿಬ್ಬರೇ ಪಡಸಾಲೆಯಲ್ಲಿ ಜಪಸರ ಹಿಡಿದು ಕುಳಿತೆವು. ನಾವು ಕೇಳಿಕೊಳ್ಳುವ ಮೊದಲೇ ಗೌಡನ ಹೆಂಡತಿ ದೀಪ ಹಚ್ಚಿ ತಂದಿಟ್ಟು, ಅತ್ತೆಯವರು ಕೂರುತ್ತಿದ್ದ ಜಾಗದಲ್ಲೇ ಕುಳಿತರು.

ಭಾನುವಾರ ಪೂಜೆಗೆ ಊರು ಸೇರಬೇಕೆಂದು ನಸುಕಿನಲ್ಲೇ ಹೊರಟೆವು. ಹೊರಡುವ ಮುನ್ನ ಗೌಡ ತೋಟಕ್ಕೆ ಕರೆದೊಯ್ದ. ಹಳೆಯ ಕಲ್ಲುಕಂಬಗಳು ಬೋಳಾಗಿ ನಿಂತಿದ್ದವು. ನಡುವೆ ಟೊಮೆಟೊ ಸಸಿ. ಬಾವಿಯ ಪಕ್ಕದ ನಾಲ್ಕು ಕಂಬಗಳಿಗೆ ಮಾತ್ರ ಹೊಸದಾಗಿ ತಂತಿ ಬಿಗಿದು, ಎಳೆಯ ದ್ರಾಕ್ಷಿ ಬಳ್ಳಿಗಳನ್ನು ಹತ್ತಿಸಿದ್ದ. ಹೋದ ವರ್ಷ ನೆಟ್ಟದ್ದು.

‘ಗೊಂಚಲು ಬಿಟ್ರೆ ಕಳಿಸ್ತೀನಿ’ ಎಂದ.

‘ಕಳಿಸ್ಬೇಡ. ಬುಟ್ಟಿ ನಾನೇ ತರ್ತೀನಿ’ ಎಂದೆ.