ಪರಿಷೆ ಬಸವನಗುಡಿಯಲ್ಲಿ, ರಾಡಾರು ಚೆನ್ನೈಯಲ್ಲಿ

ಕಾರ್ತಿಕ ಮಾಸದ ಕಡೇ ಸೋಮವಾರವನ್ನು ಮುಂದಕ್ಕೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಅಂದು ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯಲೇಬೇಕು, ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯುದ್ದಕ್ಕೂ ಗೋಣಿಚೀಲಗಳು ಬಾಯಿ ಬಿಚ್ಚಲೇಬೇಕು. ಆದರೆ ಆ ಸೋಮವಾರ ಬೀಳುವುದು ಸಾಮಾನ್ಯವಾಗಿ ನವೆಂಬರಿನ ಉತ್ತರಾರ್ಧಕ್ಕೆ, ತಪ್ಪಿದರೆ ಡಿಸೆಂಬರಿಗೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಒಂದರ ಬೆನ್ನಿಗೊಂದು ಏಳುವ ಕಾಲ ಅದು. ಕುಮಾರಕೃಪಾ ರಸ್ತೆಯ ಚಿತ್ರಸಂತೆಯವರು ಈ ವಿಷಯದಲ್ಲಿ ಜಾಣರು, ಜನವರಿಯನ್ನು ಹಿಡಿದುಕೊಂಡಿದ್ದಾರೆ. ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಮಳೆ 2 ಮಿಲಿಮೀಟರಿನ ಆಸುಪಾಸು, ನವೆಂಬರಿನದು 50ಕ್ಕೂ ಮೇಲೆ. ಜಲವರ್ಣದ ಚಿತ್ರಗಳನ್ನು ಬಯಲಲ್ಲಿ ಹರಡುವವರಿಗೆ ಈ ಹಳೆಯ ಲೆಕ್ಕಕ್ಕಿಂತ ಒಳ್ಳೆಯ ಮುನ್ಸೂಚನೆ ಬೇಕಿಲ್ಲ.

ಪರಿಷೆಯವರಿಗೆ ಆ ಸೌಕರ್ಯವಿಲ್ಲ. 2024ರ ಪರಿಷೆ ಶುರುವಾದದ್ದು ನವೆಂಬರ್ 25ರಂದು. ಅದೇ ವಾರ ಕೊಲ್ಲಿಯಲ್ಲಿ ಬಲಿಯುತ್ತಿದ್ದ ಕುಸಿತವೊಂದು ಫೆಂಜಲ್ ಚಂಡಮಾರುತವಾಗಿ 30ರಂದು ಪುದುಚೇರಿ ಬಳಿ ದಡ ಹತ್ತಿತು. ಮುಂದಿನ ಎರಡು ದಿನದಲ್ಲಿ ತಮಿಳುನಾಡಿನ ಊತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಮಳೆ ಸುರಿಯಿತು. ಅಲ್ಲಿಂದ ನೇರ ಗೆರೆ ಎಳೆದರೆ ಸುಮಾರು 130 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದದ್ದು ಥಂಡಿ ಗಾಳಿ ಮತ್ತು ಜಿಟಿಜಿಟಿ ಮಳೆ. ವಾರ ಮೊದಲೇ ಇದನ್ನೆಲ್ಲ ಊರೂರಿಗೆ ಬಿಡಿಸಿ ಹೇಳುವುದು ಯಾವ ಕಂಪ್ಯೂಟರಿಗೂ ಆಗದ ಮಾತು.

ಯಾಕೆ ಆಗದು? ಹವಾಮಾನದ ಕಂಪ್ಯೂಟರ್ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಭಾರತ ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಬಳಕೆಗೆ ತಂದ ಹೊಸ ಮಾದರಿಯ ಚೌಕ 6 ಕಿಲೋಮೀಟರ್ ಅಗಲದ್ದು, ಅದಕ್ಕೆ ಮೊದಲು 12 ಇತ್ತು. ಗುಡುಗು ಮೋಡ ಎಷ್ಟೋ ಸಲ ಇಂಥ ಒಂದೇ ಚೌಕದೊಳಗೆ ಹುಟ್ಟಿ, ಸುರಿದು, ಕರಗಿ ಹೋಗುತ್ತದೆ. ಗಾಂಧಿಬಜಾರಿನಲ್ಲಿ ಛತ್ರಿ, ಜಯನಗರದಲ್ಲಿ ಬಿಸಿಲು ಎಂಬ ನಮ್ಮ ನಿತ್ಯದ ಗೊಣಗಾಟದ ಮೂಲ ಇದೇ. ಇಲಾಖೆಯ ಪ್ರಕಟಣೆಯಲ್ಲಿ ‘ಅಲ್ಲಲ್ಲಿ’ ಎಂದಿದ್ದರೆ ಅದು ತಪ್ಪಿಸಿಕೊಳ್ಳುವ ಮಾತಲ್ಲ, ಆ ಪ್ರದೇಶದ ಕಾಲು ಭಾಗ ಅಥವಾ ಅದಕ್ಕೂ ಕಡಿಮೆ ಮಳೆಮಾಪಕಗಳಲ್ಲಿ ಮಳೆ ದಾಖಲಾದೀತು ಎಂಬ ಲೆಕ್ಕ.

ಆದ್ದರಿಂದ ಕೊನೇ ಗಳಿಗೆಯ ಯಂತ್ರವೆಂದರೆ ಡಾಪ್ಲರ್ ರಾಡಾರು. ಎರಡನೇ ಮಹಾಯುದ್ಧದಲ್ಲಿ ಶತ್ರು ವಿಮಾನ ಹುಡುಕುತ್ತಿದ್ದವರಿಗೆ ಪರದೆಯ ಮೇಲೆ ಮಳೆ ಒಂದು ಪೀಡೆಯಾಗಿ ಕಾಣಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಪೀಡೆಯೇ ಕಸುಬಾಯಿತು. ಬೋಗುಣಿಯಂಥ ಆಂಟೆನಾ ಸುತ್ತುತ್ತ ಮೈಕ್ರೋವೇವ್ ತರಂಗವನ್ನು ಕ್ಷಣಮಾತ್ರ ಚಿಮ್ಮಿಸಿ, ಸುಮ್ಮನಾಗಿ ಪ್ರತಿಧ್ವನಿಗೆ ಕಾಯುತ್ತದೆ. 150 ಕಿಲೋಮೀಟರ್ ಆಚೆಯ ಹನಿಗೆ ಬಡಿದು ಅಲೆ ಮರಳಲು ಹಿಡಿಯುವುದು ಸೆಕೆಂಡಿನ ಸಾವಿರದ ಒಂದು ಭಾಗ. ಒಂದು ಸುತ್ತಾದ ಮೇಲೆ ಆಂಟೆನಾ ಕತ್ತನ್ನು ತುಸು ಮೇಲೆತ್ತಿ ಮತ್ತೊಂದು ಸುತ್ತು. ಹೀಗೆ ಕೆಳಗಿನಿಂದ ಮೇಲಿನವರೆಗೆ ಮೋಡದ ಪದರ ಪದರವೂ ದಾಖಲಾಗುತ್ತದೆ. ಮರಳಿದ ಅಲೆಯ ಕಂಪನಾಂಕದಲ್ಲಿ ಆದ ಕೂದಲೆಳೆಯಷ್ಟು ವ್ಯತ್ಯಾಸದಿಂದ ಹನಿಗಳು ರಾಡಾರಿನತ್ತ ಬರುತ್ತಿವೆಯೋ ದೂರ ಸರಿಯುತ್ತಿವೆಯೋ ತಿಳಿಯುತ್ತದೆ.

ಎಷ್ಟು ಮಳೆ ಎಂಬುದನ್ನು ಹೇಳುವಾಗ ಮಾತ್ರ ರಾಡಾರು ತಡವರಿಸುತ್ತದೆ. ಪ್ರತಿಧ್ವನಿಯ ಬಲ ಹನಿಯ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 2 ಮಿಲಿಮೀಟರ್ ವ್ಯಾಸದ ಒಂದೇ ಹನಿ, 1 ಮಿಲಿಮೀಟರಿನ 64 ಹನಿಗಳು ಸೇರಿ ಕೊಡುವಷ್ಟು ಪ್ರತಿಧ್ವನಿ ಕೊಡುತ್ತದೆ. ನೀರಿನ ಲೆಕ್ಕ ಹಿಡಿದರೆ ಆ 64 ಹನಿಗಳಲ್ಲಿ ಇರುವುದು ಎಂಟು ಪಟ್ಟು! ಹಿಂಗಾರಿನ ಸಣ್ಣ ಹನಿಯ ಜಡಿಮಳೆ ಪರದೆಯಲ್ಲಿ ಸಪ್ಪೆಯಾಗಿ ಕಂಡು ಚೀಲವನ್ನೆಲ್ಲ ನೆನೆಸುವುದು ಹೀಗೆ.

ಇನ್ನೊಂದು ತೊಡಕು ಭೂಮಿಯ ದುಂಡುತನದ್ದು. ಬೆಂಗಳೂರು ಬಹುಕಾಲ ಕಣ್ಣರಳಿಸಿ ನೋಡುತ್ತಿದ್ದದ್ದು 2002ರಲ್ಲಿ ಕೆಲಸ ಶುರುಮಾಡಿದ ಚೆನ್ನೈ ರಾಡಾರನ್ನು. ಅದು 10 ಸೆಂಟಿಮೀಟರ್ ಅಲೆಯುದ್ದದ ಗಟ್ಟಿ ಯಂತ್ರ, ಚಂಡಮಾರುತ ಹಿಡಿಯಲೆಂದೇ ಕಡಲ ದಡದಲ್ಲಿ ಕೂತದ್ದು. ನೆಲದಿಂದ ಅರ್ಧ ಡಿಗ್ರಿ ಮೇಲಕ್ಕೆ ಹೊರಟ ಅದರ ಕಿರಣ 290 ಕಿಲೋಮೀಟರ್ ಸಾಗಿ ನಮ್ಮೂರ ನೆತ್ತಿಗೆ ಬರುವಷ್ಟರಲ್ಲಿ ಸಮುದ್ರಮಟ್ಟದಿಂದ ಏಳೂವರೆ ಕಿಲೋಮೀಟರ್ ಎತ್ತರದಲ್ಲಿರುತ್ತದೆ. ನಾವು 900 ಮೀಟರ್ ಎತ್ತರದಲ್ಲಿದ್ದೇವೆ ಎಂಬ ರಿಯಾಯಿತಿ ಕಳೆದರೂ ಆರೂವರೆ ಉಳಿಯಿತು. ಮೇ ತಿಂಗಳ ಗುಡುಗು ಮೋಡದ ತಲೆ ಅಲ್ಲಿಗೆ ಮುಟ್ಟುತ್ತದೆ. ಪರಿಷೆಯ ದಿನದ ತಗ್ಗು ಮೋಡ ಆ ಕಿರಣಕ್ಕೆ ಸಿಗುವುದೇ ಇಲ್ಲ.

ಯಂತ್ರ ಹೇಳಿದ್ದನ್ನು ಕೇಳಿ ಯಾರು ಏನು ಮಾಡಬೇಕು? ಇಲ್ಲಿ ಎಲ್ಲರಿಗೂ ಒಂದೇ ಉತ್ತರ ಹುಡುಕುವುದೇ ತಪ್ಪು ಎಂದು ನನಗನ್ನಿಸುತ್ತದೆ. ಹವಾಮಾನ ತಜ್ಞರು ಬಳಸುವ ಸೂತ್ರ ಸುಲಭದ್ದು: ಮುನ್ನೆಚ್ಚರಿಕೆಯ ಖರ್ಚನ್ನು, ಅದರಿಂದ ತಪ್ಪುವ ನಷ್ಟದಿಂದ ಭಾಗಿಸಿ. ಮಳೆಯ ಸಾಧ್ಯತೆ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರ ವಹಿಸುವುದೇ ಲಾಭ. ಹುರಿದ ಕಡಲೆಕಾಯಿಯವನಿಗೆ ಟಾರ್ಪಾಲಿನ ಬಾಡಿಗೆ 500 ರೂಪಾಯಿ, ನೆನೆದರೆ ಹಾಳಾಗುವ ಮಾಲು 5,000 ರೂಪಾಯಿಯದ್ದು ಎನ್ನಿ. ಸಾಧ್ಯತೆ ಶೇಕಡಾ 10 ದಾಟಿತೆಂದರೆ ಅವನು ಟಾರ್ಪಾಲು ತರಬೇಕು. ಒದ್ದೆ ರಾಶಿ ಗರಿಗರಿ ಕಳೆದುಕೊಳ್ಳುವುದಷ್ಟೇ ಅಲ್ಲ, ಒಣಗಿಸದೆ ಕಟ್ಟಿಟ್ಟರೆ ಆಸ್ಪರ್ಜಿಲಸ್ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಪಕ್ಕದ ಪ್ಲಾಸ್ಟಿಕ್ ಆಟಿಕೆಯವಳಿಗೆ ಅದೇ ಶೇಕಡಾ 10 ನಗಣ್ಯ, ಮಳೆ ನಿಂತ ಮೇಲೆ ಒರೆಸಿದರಾಯಿತು. ಇನ್ನು ಮೈದಾನದ ಬಾಡಿಗೆ, ಶಾಮಿಯಾನ ಎಲ್ಲಕ್ಕೂ ಮುಂಗಡ ಕೊಟ್ಟ ವಾರಾಂತ್ಯದ ಸಂತೆಯ ಸಂಘಟಕರಿಗೆ ರದ್ದು ಮಾಡುವ ಖರ್ಚೇ ಮಳೆಯ ನಷ್ಟದಷ್ಟಿರುತ್ತದೆ. ಶೇಕಡಾ 60 ಎಂದರೂ ಅವರು ನಡೆಸುತ್ತೇವೆ ಅನ್ನುವುದು ಮೊಂಡುತನವಲ್ಲ. ಮಳಿಗೆಯವರಿಗೆ ಮಾತ್ರ ಆ ಲೆಕ್ಕ ಒಪ್ಪಿಗೆಯಾಗಬೇಕೆಂದಿಲ್ಲ. ಮುಂಗಡ ವಾಪಸು ಸಿಗದ ಜಗಳಗಳು ಶುರುವಾಗುವುದು ಅಲ್ಲೇ.

ಮಳೆಯ ದಿನ ಬೆಳಿಗ್ಗೆಯಿಂದ ಆಟ ಬೇರೆ. ಇಲಾಖೆಯ ತಕ್ಷಣದ ಮುನ್ಸೂಚನೆ ಮುಂದಿನ ಮೂರು ಗಂಟೆಗೆ ಸೀಮಿತ, ಆದರೆ ಅದರ ಮೇಲೆ ಭರವಸೆ ಹೆಚ್ಚು. ಹಿಂದುಮುಂದಿನ ರಾಡಾರ್ ಚಿತ್ರಗಳನ್ನು ಹೋಲಿಸಿದಾಗ 40 ಕಿಲೋಮೀಟರ್ ದೂರದ ಮಳೆಪಟ್ಟಿ ಗಂಟೆಗೆ 30ರಂತೆ ಬರುತ್ತಿದೆ ಎಂದು ಕಂಡರೆ, ಚೀಲ ಕಟ್ಟಲು ಒಂದು ಗಂಟೆ ಇಪ್ಪತ್ತು ನಿಮಿಷ ಸಿಕ್ಕಿತು. ಎಲ್ಲಿಂದಲೂ ಬರದೆ ತಲೆಯ ಮೇಲೇ ಹುಟ್ಟುವ ಮೋಡಕ್ಕೆ ಈ ಲೆಕ್ಕ ನಡೆಯದು. ಅಂಥದ್ದನ್ನು ಬೇಗ ಹಿಡಿಯಲು ಊರೊಳಗೇ ಒಂದು ರಾಡಾರು ಬೇಕು. 3 ಸೆಂಟಿಮೀಟರ್ ಅಲೆಯ ಚಿಕ್ಕ ಯಂತ್ರವಾದರೂ ಸಾಕು, ಜೋರುಮಳೆಯೊಳಗೆ ಅದರ ಅಲೆ ಬೇಗ ಸೊರಗಿ ಆಚೆಗಿನ ಮಳೆ ಕಾಣದಾಗುತ್ತದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಚಿತ್ರ ಓದಬೇಕಾಗುತ್ತದೆ.