ಗರಿಯಿಲ್ಲದ ಬಾಣದ ಸಾಕ್ಷಿ

ಬಾಬಾಬುಡನ್‌ಗಿರಿ ಸಾಲಿನ ಈಚೆ ಮಗ್ಗುಲಲ್ಲಿ ಅತ್ತಿಗುಂಡಿ. ಆಚೆ ತಪ್ಪಲಿನ ತರೀಕೆರೆ ಕಡೆ ಇಳಿದರೆ ಅಮೃತಪುರ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇಗುಲ ಅಲ್ಲಿದೆ. ಅದರ ಹೊರಗೋಡೆಯ 140 ಫಲಕಗಳಲ್ಲಿ 70 ರಾಮಾಯಣಕ್ಕೇ ಮೀಸಲು. ಉಳಿದವು ಕೃಷ್ಣನ ಕತೆಗೆ, ಮಹಾಭಾರತಕ್ಕೆ. ಅಂದಮೇಲೆ ಬಿಲ್ಲು ಹಿಡಿದವರಿಗೆ ಅಲ್ಲಿ ಬರವೆಲ್ಲಿ? ಬೇಲೂರಿನ ಚೆನ್ನಕೇಶವನ ಗುಡಿಯಲ್ಲೂ ಮದನಿಕೆಯೊಬ್ಬಳು ಬಿಲ್ಲೆತ್ತಿ ನಿಂತಿದ್ದಾಳೆ. ಉಳಿಯಲ್ಲಿ ಮೂಡಿದ ಬಾಣ ಗೆರೆ ಎಳೆದಷ್ಟು ನೇರ.

ಹೆದೆ ಬಿಟ್ಟು ಹೊರಟ ಬಾಣ ಮಾತ್ರ ಹಾಗೆ ಹೋಗುವುದಿಲ್ಲ. ಮೀನು ಈಜುವಂತೆ ಆ ಕಡೆ ಈ ಕಡೆ ಬಳುಕುತ್ತ ಸಾಗುತ್ತದೆ. ಬೆರಳಿನಿಂದ ಜಾರುವಾಗ ಹೆದೆ ತುಸು ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ನೂಕುವ ಹೆದೆ, ಮುಂದೆ ಕೂತ ಮೊನೆಯ ಭಾರ, ಇವೆರಡರ ನಡುವೆ ಸಿಕ್ಕ ಕಡ್ಡಿ ಬಾಗುತ್ತದೆ. ಬಾಗಿದ್ದರಿಂದಲೇ ಅದು ಬಿಲ್ಲಿನ ಹಿಡಿಗೆ ಬಡಿಯದೆ ಸುತ್ತಿ ದಾಟುತ್ತದೆ. ಕ್ಲಾರೆನ್ಸ್ ಹಿಕ್‌ಮನ್, ಪಾಲ್ ಕ್ಲಾಪ್‌ಸ್ಟೆಗ್ ಅವರಂಥ ಅಮೆರಿಕದ ಭೌತವಿಜ್ಞಾನಿಗಳು 1930ರ ದಶಕದಲ್ಲಿ ಅತಿವೇಗದ ಛಾಯಾಗ್ರಹಣದಿಂದ ಈ ಬಳುಕನ್ನು ಕಣ್ಣಿಗೆ ಕಾಣಿಸಿದರು.

ಹಾಗಾಗಿ ಬಿಲ್ಲು ಹೊಂದಿಸುವ ಕೆಲಸ, ಬಿಲ್ಗಾರರ ಮಾತಿನಲ್ಲಿ ‘ಟ್ಯೂನಿಂಗ್’, ಶುರುವಾಗುವುದು ಬಾಣದಿಂದಲೇ. ಕಡ್ಡಿ ಎಷ್ಟು ಬಾಗುತ್ತದೆ ಎಂಬ ಅಳತೆಗೆ ಸ್ಪೈನ್ ಎಂದು ಹೆಸರು. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ ಸುಮಾರು 880 ಗ್ರಾಂ ತೂಕ ತೂಗುಹಾಕುತ್ತಾರೆ. ಅದು ಅರ್ಧ ಇಂಚು ಜಗ್ಗಿದರೆ ಸ್ಪೈನ್ 500. ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಮೆದು. ಬಿಗಿ ಬಿಲ್ಲಿಗೆ ಮೆದು ಬಾಣ ಹೂಡಿದರೆ ಅತಿಯಾಗಿ ಬಳುಕುತ್ತದೆ. ಹಗುರ ಬಿಲ್ಲಿಗೆ ಗಟ್ಟಿ ಬಾಣ ಹೂಡಿದರೆ ಬೇಕಾದಷ್ಟು ಬಾಗುವುದೇ ಇಲ್ಲ. ಜೋಡಿ ತಪ್ಪಿದರೆ ಎಂಥ ಗುರಿಕಾರನ ಶ್ರಮವೂ ವ್ಯರ್ಥ.

ಜೋಡಿ ಕೂಡಿತು ಅಂದುಕೊಳ್ಳೋಣ. ಮುಂದೆ ಬಿಲ್ಲಿನ ಸರದಿ.

ಮೊದಲು ಹಿಡಿಗೂ ಹೆದೆಗೂ ನಡುವಿನ ಅಂತರ, ಅಂದರೆ ಬ್ರೇಸ್ ಹೈಟ್. ತುದಿಗಳು ಮುಂದಕ್ಕೆ ಬಾಗಿದ, 68 ಇಂಚಿನ ರಿಕರ್ವ್ ಬಿಲ್ಲಿಗೆ ಇದು ಸುಮಾರು ಎಂಟೂವರೆಯಿಂದ ಎಂಟೂಮುಕ್ಕಾಲು ಇಂಚು. ಹೆದೆಗೆ ನಾಲ್ಕು ಸುತ್ತು ಹುರಿ ಹೆಚ್ಚು ಹಾಕಿದರೆ ಅಂತರ ಹೆಚ್ಚುತ್ತದೆ, ಬಿಚ್ಚಿದರೆ ತಗ್ಗುತ್ತದೆ. ಎರಡನೆಯದು ನಾಕಿಂಗ್ ಪಾಯಿಂಟ್, ಅಂದರೆ ಬಾಣದ ಹಿಂಬದಿಯ ಕಚ್ಚು ಹೆದೆಯ ಮೇಲೆ ಕೂರುವ ಜಾಗ. ಮೂರನೆಯದು ಪ್ಲಂಜರ್: ಹಿಡಿಯ ಪಕ್ಕದಲ್ಲಿ ಬಾಣಕ್ಕೆ ಒರಗಿ ನಿಲ್ಲುವ, ಸ್ಪ್ರಿಂಗ್ ತುಂಬಿದ ಪುಟ್ಟ ಗುಂಡಿ. ಬಾಣ ಒತ್ತಿದಾಗ ಅದು ಎಷ್ಟು ಒಳಸರಿಯಬೇಕು ಎಂಬುದನ್ನು ತಿರುಪು ತಿರುಗಿಸಿ ಗೊತ್ತುಮಾಡುತ್ತಾರೆ.

ಇಷ್ಟಾದ ಮೇಲೆ ಪರೀಕ್ಷೆ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ನಾಲ್ಕರಿಂದ ಆರು ಅಡಿ ದೂರದಿಂದ ಬಾಣ ಬಿಡುವುದು ಒಂದು ಬಗೆ. ಮೊನೆ ತೂರಿದ ತೂತಿನ ಸುತ್ತ ಗರಿಗಳ ಗೀರು ಒಪ್ಪವಾಗಿ ಮೂಡಿದರೆ ಬಾಣ ನೆಟ್ಟಗೆ ಹೋಯಿತೆಂದು ಲೆಕ್ಕ. ಗರಿಯ ಕಡೆ ಹರಿದದ್ದು ಮೊನೆಯ ತೂತಿಗಿಂತ ಮೇಲಿದ್ದರೆ ನಾಕಿಂಗ್ ಪಾಯಿಂಟ್ ಎತ್ತರವಾಗಿದೆ, ಕೆಳಗಿಳಿಸಬೇಕು. ಅತ್ತಿಗುಂಡಿಯ ಮಂಜಿನಲ್ಲಿ ಈ ಪರೀಕ್ಷೆಗೆ ಸೂರಿನಡಿಯ ಒಣ ಜಾಗ ಬೇಕು. ತೇವ ಕುಡಿದ ಕಾಗದ ಸಿಕ್ಕಾಪಟ್ಟೆ ಹರಿದು ಗುರುತನ್ನೇ ಕೆಡಿಸುತ್ತದೆ.

ರಿಕರ್ವ್ ಬಿಲ್ಗಾರರು ಹೆಚ್ಚು ನೆಚ್ಚುವುದು ಇನ್ನೊಂದು ಬಗೆಯನ್ನು. 15ರಿಂದ 20 ಗಜ ದೂರದಿಂದ ಗರಿಯಿರುವ ಮೂರು ಬಾಣ, ಗರಿಯಿಲ್ಲದ ಎರಡು ಬಾಣ, ಎಲ್ಲವನ್ನೂ ಒಂದೇ ಗುರಿಗೆ ಬಿಡುತ್ತಾರೆ. ಗರಿ ಗಾಳಿಯನ್ನು ಹಿಡಿದು, ಅಡ್ಡಾದಿಡ್ಡಿ ಹೊರಟ ಬಾಣವನ್ನೂ ದಾರಿಗೆ ತರುತ್ತದೆ. ಬಿಲ್ಲಿನ ದೋಷ ಹಾಗೇ ಮುಚ್ಚಿಹೋಗುತ್ತದೆ. ಬೋಳು ಬಾಣಕ್ಕೆ ಆ ಆಸರೆಯಿಲ್ಲ. ಅದು ಗರಿಯ ಬಾಣಗಳಿಗಿಂತ ಮೇಲೆ ನಾಟಿದರೆ ನಾಕಿಂಗ್ ಪಾಯಿಂಟ್ ಏರಿಸಬೇಕು, ಕೆಳಗೆ ನಾಟಿದರೆ ಇಳಿಸಬೇಕು. ಬಲಗೈ ಬಿಲ್ಗಾರನಿಗೆ ಅದು ಎಡಕ್ಕೆ ಬಿದ್ದರೆ ಬಾಣ ಗಟ್ಟಿ ಎಂದರ್ಥ: ಪ್ಲಂಜರ್ ಸ್ಪ್ರಿಂಗ್ ಸಡಿಲಿಸಿ, ಇಲ್ಲವೇ ಮೊನೆಯ ತೂಕ ಹೆಚ್ಚಿಸಿ ನೋಡುತ್ತಾರೆ. ಬಲಕ್ಕೆ ಬಿದ್ದರೆ ಮೆದು, ಮದ್ದು ತಿರುಗುಮುರುಗು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಇಲ್ಲಿ ಕಟ್ಟುನಿಟ್ಟು. ಎರಡನ್ನು ಒಟ್ಟಿಗೆ ಮುಟ್ಟಿದರೆ ಗುಣ ಕೊಟ್ಟದ್ದು ಯಾವುದೆಂದೇ ತಿಳಿಯುವುದಿಲ್ಲ.

ಇಷ್ಟು ಸೂಕ್ಷ್ಮ ಯಾಕೆ ಬೇಕು? ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಬಿಲ್ಗಾರರು 70 ಮೀಟರ್ ದೂರದಿಂದ ಬಾಣ ಬಿಡುತ್ತಾರೆ. ಗುರಿಹಲಗೆಯ ಅಡ್ಡಗಲ 122 ಸೆಂಟಿಮೀಟರ್. ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್, ಊಟದ ತಟ್ಟೆಯ ಅರ್ಧವೂ ಇಲ್ಲ. ಇಪ್ಪತ್ತು ಗಜದಲ್ಲಿ ಕಣ್ತಪ್ಪುವ ಕೊರತೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಕವನ್ನೇ ಕಸಿಯಬಲ್ಲದು. ರಾಟೆಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ಹೆದೆಯನ್ನು ಬಿಡುವುದು ಬೆರಳಲ್ಲ, ರಿಲೀಸ್ ಎಂಬ ಸಾಧನ; ಹಾಗಾಗಿ ಪಕ್ಕದ ಬಳುಕು ಕಡಿಮೆ, ಕಾಗದದ ಪರೀಕ್ಷೆಗೆ ಬೆಲೆ ಹೆಚ್ಚು. ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿದೆ.

ಕೈಮರದಿಂದ ಅತ್ತಿಗುಂಡಿಗೆ ಏರುವ ದಾರಿಯ ಗಾಳಿ ಬಲ್ಲವರಿಗೆ ಹೇಳಬೇಕಿಲ್ಲ: ಬೋಳು ಬಾಣದ ಪರೀಕ್ಷೆಗೆ ಸಿಲ್ವರ್ ಓಕ್ ಎಲೆಯೂ ಅಲುಗದ ಹೊತ್ತೇ ಆಗಬೇಕು. ಅಡ್ಡಗಾಳಿ ಬೀಸಿದರೆ ಬಾಣ ಸರಿದದ್ದು ಬಿಲ್ಲಿನಿಂದಲೋ ಗಾಳಿಯಿಂದಲೋ ಗೊತ್ತಾಗುವುದಿಲ್ಲ. ಬೋಳು ಬಾಣ ಮತ್ತೆ ಮತ್ತೆ ಗರಿಯ ಬಾಣಗಳ ಗುಂಪಿನಲ್ಲೇ ನಾಟತೊಡಗಿದರೆ, ಬಿಲ್ಗಾರ ಬ್ರೇಸ್ ಹೈಟನ್ನೂ ಪ್ಲಂಜರ್ ತಿರುಪಿನ ಲೆಕ್ಕವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ನಾಕಿಂಗ್ ಪಾಯಿಂಟಿಗೆ ಸುತ್ತಿದ ದಾರದ ಮೇಲೆ ಒಂದು ಹನಿ ಅಂಟು ಬಿಡುತ್ತಾನೆ.