ಮುದಿನಾಯಿಯ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚ: ಒಂದು ಚಾರಿತ್ರಿಕ ವಿವೇಚನೆ

ಮನೆಯಲ್ಲಿ ಹತ್ತು ಹನ್ನೆರಡು ವರ್ಷ ಬಾಳಿದ ನಾಯಿಗೆ ಕ್ಯಾನ್ಸರ್ ತಗುಲಿದಾಗ ಅದರ ಚಿಕಿತ್ಸೆಯ ವೆಚ್ಚವನ್ನು ಯಾರು ಭರಿಸಬೇಕು, ಎಲ್ಲಿಯವರೆಗೆ ಭರಿಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕೇವಲ ಗೃಹಕೃತ್ಯಕ್ಕೆ ಸೇರಿದುದು. ಇತಿಹಾಸದ ಸಂಚಿಕೆಯಲ್ಲಿ ಅದಕ್ಕೆ ಎಡೆಯುಂಟೆ ಎಂದು ವಾಚಕರು ಕೇಳಬಹುದು. ಆದರೆ ಈ ಪ್ರಶ್ನೆ ಇಂದು ಇಷ್ಟು ಕಠಿನವಾಗಿ ಕಾಣುವುದಕ್ಕೆ ಕಾರಣವು ಇತಿಹಾಸದಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ. ಪಶುವೈದ್ಯದ ಶಾಸ್ತ್ರಗ್ರಂಥಗಳೂ ವಿದ್ಯಾಲಯಗಳೂ ವಿಮೆಯ ಏರ್ಪಾಡುಗಳೂ ಬಹುಮಟ್ಟಿಗೆ ಬೆಲೆಯುಳ್ಳ ಪ್ರಾಣಿಗಳಿಗಾಗಿ ಹುಟ್ಟಿದವು. ಮುದಿನಾಯಿಗೆ ಸಂತೆಯಲ್ಲಿ ಬೆಲೆಯಿಲ್ಲ. ಮನೆಯವರ ಮಮತೆಯೊಂದೇ ಅದಕ್ಕೆ ಆಧಾರ. ಈ ಎರಡರ ನಡುವಣ ಅಂತರವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಬೆಲೆಯುಳ್ಳ ಪ್ರಾಣಿಗಳ ವೈದ್ಯ

ನಾಯಿಯ ಮೇಲಣ ಮಮತೆ ನಮ್ಮ ನಾಡಿಗೆ ಹೊಸತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಕ ೮೭೨ರ ಶಾಸನವು ಇದಕ್ಕೆ ಪ್ರಸಿದ್ಧವಾದ ಸಾಕ್ಷಿ. ಗಂಗರ ಬೂತುಗನ ಸೇವಕನಾದ ಮಣಲೇರನು ಯುದ್ಧದಲ್ಲಿ ಪರಾಕ್ರಮವನ್ನು ತೋರಿ, ಒಡೆಯನು ಮೆಚ್ಚಿ ಬೇಡಿಕೊಳ್ಳೆಂದಾಗ, ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಹಂದಿಯೊಡನೆ ಹೋರಾಡಲು ಎರಡೂ ಸತ್ತುವು. ಅದರ ನೆನಪಿಗಾಗಿ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ನಾಯಿಯೊಂದರ ನಿಮಿತ್ತವಾಗಿ ಸ್ಥಿರವಾದ ಆದಾಯವನ್ನು ಗೊತ್ತುಪಡಿಸಿದ ಅಪೂರ್ವ ದಾಖಲೆಯಿದು. ಆದರೆ ಈ ಮನ್ನಣೆ ದೊರೆತುದು ಶೌರ್ಯದಿಂದ ಮಡಿದ ನಾಯಿಗೆ. ರೋಗದಿಂದ ಮೂಲೆ ಹಿಡಿದ ನಾಯಿಗಲ್ಲ.

ಚಿಕಿತ್ಸೆಯ ಮಾತಿಗೆ ಬಂದರೆ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಆನೆಗೆ ಪಾಲಕಾಪ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ಹಸ್ತ್ಯಾಯುರ್ವೇದವಿದೆ. ಕುದುರೆಗೆ ಶಾಲಿಹೋತ್ರನ ಸಂಪ್ರದಾಯವಿದೆ. ಕನ್ನಡದಲ್ಲಿಯೇ ಕೀರ್ತಿವರ್ಮನ ಗೋವೈದ್ಯವೂ ಅಭಿನವಚಂದ್ರನ ಅಶ್ವವೈದ್ಯವೂ ಇವೆ. ಆನೆ ಕುದುರೆಗಳು ರಾಜನ ಬಲ. ಗೋವು ಒಕ್ಕಲಿಗನ ಬದುಕು. ಇವುಗಳ ಆರೋಗ್ಯಕ್ಕೆ ಮಾಡಿದ ವೆಚ್ಚ ನಷ್ಟವೆನಿಸುತ್ತಿರಲಿಲ್ಲ. ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆಯನ್ನು ಏರ್ಪಡಿಸಿರುವುದಾಗಿ ಅಶೋಕನು ತನ್ನ ಎರಡನೆಯ ಬಂಡೆಶಾಸನದಲ್ಲಿ ಸಾರಿದುದು ಈ ಲೆಕ್ಕಾಚಾರಕ್ಕೆ ಹೊರತಾದ ಧರ್ಮಕಾರ್ಯವೆಂದು ಹೇಳಬಹುದು.

ಯೂರೋಪಿನಲ್ಲಿಯೂ ಹೀಗೆಯೇ. ೧೭೬೨ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಬೂರ್ಜೆಲಾ ಎಂಬಾತನು ಪಶುವೈದ್ಯಶಾಲೆಯನ್ನು ತೆರೆದಾಗ ಅವನ ಕಣ್ಣ ಮುಂದೆ ಇದ್ದುವು ಕುದುರೆಗಳು ಮತ್ತು ದೊಡ್ಡರೋಗದಿಂದ ಸಾಯುತ್ತಿದ್ದ ದನಗಳು. ೧೭೯೧ರಲ್ಲಿ ಸ್ಥಾಪಿತವಾದ ಲಂಡನ್ನಿನ ವಿದ್ಯಾಲಯದಲ್ಲಿ ಕುದುರೆಯದೇ ಪ್ರಾಧಾನ್ಯ. ಆಗ ವೈದ್ಯನ ಲೆಕ್ಕ ಸರಳವಾಗಿತ್ತು: ಚಿಕಿತ್ಸೆಯ ವೆಚ್ಚವು ಪ್ರಾಣಿಯ ಬೆಲೆಯನ್ನು ಮೀರಿದರೆ ಚಿಕಿತ್ಸೆಯನ್ನು ನಿಲ್ಲಿಸತಕ್ಕದ್ದು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಬಂದು ನಗರಗಳಿಂದ ಕುದುರೆ ಮರೆಯಾಗಲು ಪಾಶ್ಚಾತ್ಯ ಪಶುವೈದ್ಯರು ಕ್ರಮೇಣ ನಾಯಿ ಬೆಕ್ಕುಗಳ ಕಡೆಗೆ ತಿರುಗಿದರು. ಆದರೆ ಬೆಲೆಯೆಂಬ ಹಳೆಯ ಮೇರೆ ಹೋದ ಮೇಲೆ ಅದರ ಸ್ಥಾನದಲ್ಲಿ ಬೇರೊಂದು ಮೇರೆ ನಿಲ್ಲಲಿಲ್ಲ.

೨. ಇಂದಿನ ಚಿಕಿತ್ಸೆಯೂ ಅದರ ವೆಚ್ಚವೂ

ಕ್ಯಾನ್ಸರ್ ಎಂಬುದು ಒಂದೇ ಹೆಸರಾದರೂ ಒಂದೇ ರೋಗವಲ್ಲ. ವೆಚ್ಚವೂ ಒಂದೇ ಅಲ್ಲ. ನಮ್ಮ ದೇಶದ ನಾಯಿಗಳಲ್ಲಿ ವಿಶೇಷವಾಗಿ ಕಾಣುವ, ಸಂಗಮದಿಂದ ಹರಡುವ ಜನನಾಂಗದ ಗಂತಿಯು ವಿಂಕ್ರಿಸ್ಟೀನ್ ಎಂಬ ಒಂದೇ ಔಷಧವನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಚುಚ್ಚುವುದರಿಂದ ಬಹುಪಾಲು ಗುಣವಾಗುತ್ತದೆ. ಹೆಣ್ಣುನಾಯಿಯ ಮೊಲೆಯ ಗಂತಿಗೆ ಶಸ್ತ್ರಕ್ರಿಯೆಯೇ ಮುಖ್ಯ; ಅವುಗಳಲ್ಲಿ ಹಲವು ಅಪಾಯಕರವಲ್ಲದವೂ ಆಗಿರುತ್ತವೆ. ಎಳೆಯ ವಯಸ್ಸಿನಲ್ಲಿಯೇ ಸಂತಾನಹರಣ ಮಾಡಿಸಿದ ಹೆಣ್ಣುನಾಯಿಗೆ ಈ ರೋಗ ಬರುವುದು ಬಹಳ ವಿರಳ. ಎಂದರೆ ಮುಪ್ಪಿನ ವೆಚ್ಚದ ಒಂದು ಭಾಗವನ್ನು ಎಳೆತನದ ಸಣ್ಣ ವೆಚ್ಚವೇ ತಪ್ಪಿಸಬಲ್ಲುದು.

ದುಬಾರಿಯ ಚಿಕಿತ್ಸೆಗೆ ಲಿಂಫೋಮ ಎಂಬ, ದುಗ್ಧಗ್ರಂಥಿಗಳ ಕ್ಯಾನ್ಸರ್ ಒಳ್ಳೆಯ ಉದಾಹರಣೆ. ಚಿಕಿತ್ಸೆಯಿಲ್ಲದಿದ್ದರೆ ನಾಯಿ ಸಾಮಾನ್ಯವಾಗಿ ಒಂದೆರಡು ತಿಂಗಳಿಗಿಂತ ಹೆಚ್ಚು ಬದುಕುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ ವಿಂಕ್ರಿಸ್ಟೀನ್, ಸೈಕ್ಲೊಫಾಸ್ಫಮೈಡ್, ಡಾಕ್ಸೊರೂಬಿಸಿನ್, ಪ್ರೆಡ್ನಿಸೊಲೋನ್ ಎಂಬ ನಾಲ್ಕು ಔಷಧಗಳನ್ನು ಸುಮಾರು ೧೯ರಿಂದ ೨೫ ವಾರಗಳವರೆಗೆ ಸರದಿಯಾಗಿ ಕೊಡುತ್ತಾರೆ. ಬಿ-ಕಣಗಳ ಬಗೆಯ ರೋಗವಾದರೆ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟ ನಾಯಿಗಳಲ್ಲಿ ರೋಗವು ಸ್ವಲ್ಪ ಕಾಲವಾದರೂ ಅಡಗುತ್ತದೆ. ಆಯುಷ್ಯ ಸರಾಸರಿ ಒಂದು ವರ್ಷದಷ್ಟು ಬೆಳೆಯುತ್ತದೆ. ಸಂಪೂರ್ಣ ಗುಣ ವಿರಳ. ನಾಯಿಗಳಿಗೆ ಕೊಡುವ ಔಷಧದ ಪ್ರಮಾಣ ಮನುಷ್ಯರಿಗಿಂತ ಸೌಮ್ಯವಾದುದರಿಂದ ವಾಂತಿ, ನಿಶ್ಶಕ್ತಿ ಮೊದಲಾದ ಬಾಧೆಗಳು ಕಡಿಮೆ. ಬರಿಯ ವಯಸ್ಸು ಚಿಕಿತ್ಸೆಗೆ ಅಡ್ಡಿಯಲ್ಲವೆಂದು ವೈದ್ಯರು ಹೇಳುತ್ತಾರೆ. ಮೂತ್ರಪಿಂಡ, ಹೃದಯ, ಯಕೃತ್ತುಗಳ ಸ್ಥಿತಿಯೇ ಮುಖ್ಯ.

ಅಮೆರಿಕದಲ್ಲಿ ಈ ಚಿಕಿತ್ಸೆಗೆ ಹಲವು ಸಾವಿರ ಡಾಲರುಗಳು ತಗಲುತ್ತವೆ. ಇದು ಔಷಧದ ಬೆಲೆಯೊಂದೇ ಅಲ್ಲ. ಗಂತಿಯ ತುಣುಕಿನ ಪರೀಕ್ಷೆ, ಎಕ್ಸ್‌ರೇ, ಅಲ್ಟ್ರಾಸೌಂಡ್, ಪ್ರತಿಯೊಂದು ಸೂಜಿಗೆ ಮೊದಲು ರಕ್ತಕಣಗಳ ಎಣಿಕೆ, ವಿಷಸಮಾನವಾದ ಔಷಧವನ್ನು ಕೈಗೆ ಸೋಕದಂತೆ ಬಳಸುವ ಸಾಧನಗಳು, ತರಬೇತಿ ಪಡೆದ ವೈದ್ಯನ ಹೊತ್ತು ಎಲ್ಲವೂ ಇದರಲ್ಲಿ ಸೇರಿವೆ. ನಮ್ಮಲ್ಲಿ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳ ಶುಲ್ಕ ಸಾಮಾನ್ಯವಾಗಿ ಖಾಸಗಿ ಆಸ್ಪತ್ರೆಗಳಿಗಿಂತ ಕಡಿಮೆ. ೧೯೫೮ರಲ್ಲಿ ಹೆಬ್ಬಾಳದಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಾಲೇಜು ಇಂಥದೊಂದು. ಆದರೆ ದೂರದ ಊರಿನವರಿಗೆ ವಾರವಾರದ ಪ್ರಯಾಣವೂ ವೆಚ್ಚವೇ.

೩. ಹಣದ ಮೂರು ದಾರಿಗಳು

ಮನೆಯೊಡೆಯನ ಕಿಸೆಯ ಹೊರಗೆ ಈ ವೆಚ್ಚಕ್ಕೆ ಮೂರು ದಾರಿಗಳು ಕಾಲಕ್ರಮದಲ್ಲಿ ಏರ್ಪಟ್ಟಿವೆ. ಮೊದಲನೆಯದು ದಾನ. ೧೯೧೭ರಲ್ಲಿ ಮರಿಯಾ ಡಿಕಿನ್ ಎಂಬಾಕೆ ಲಂಡನ್ನಿನ ಬಡವರ ಬೀದಿಯಾದ ವೈಟ್‌ಚಾಪೆಲ್‌ನ ನೆಲಮಾಳಿಗೆಯೊಂದರಲ್ಲಿ, ಹಣ ಕೊಡಲಾರದವರ ಪ್ರಾಣಿಗಳಿಗೆ ಉಚಿತ ಚಿಕಿತ್ಸಾಲಯವನ್ನು ತೆರೆದಳು. ಪಿ.ಡಿ.ಎಸ್.ಎ. ಎಂಬ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಆದರೆ ದಾನದ ಹಣ ಎಂದಿಗೂ ಮಿತವಾದುದು. ಒಂದು ಮುದಿನಾಯಿಯ ಒಂದು ವರ್ಷಕ್ಕೆ ತಗಲುವ ಹಣದಲ್ಲಿ ನೂರಾರು ಮರಿಗಳಿಗೆ ಲಸಿಕೆ ಹಾಕಬಹುದು. ಹಲವು ಗಾಯಗಳನ್ನು ಹೊಲಿಯಬಹುದು. ದಾನಿಯು ಎರಡನೆಯದನ್ನು ಆರಿಸಿದರೆ ತಪ್ಪೆನ್ನಲಾಗದು.

ಎರಡನೆಯದು ವಿಮೆ. ಸ್ವೀಡನ್ನಿನಲ್ಲಿ ೧೮೯೦ರಲ್ಲಿ ಆರಂಭವಾದ ವಿಮೆ ಕುದುರೆಗಳಿಗೂ ದನಕರುಗಳಿಗೂ ಮೀಸಲಾಗಿತ್ತು. ನಾಯಿಗೆ ಅಲ್ಲಿ ೧೯೨೪ರಲ್ಲಿ ಪ್ರವೇಶ ದೊರೆಯಿತು. ಬ್ರಿಟನ್ನಿನಲ್ಲಿ ೧೯೪೭ರಲ್ಲಿಯೂ, ಅಮೆರಿಕದಲ್ಲಿ ೧೯೮೨ರಲ್ಲಿ, ಲ್ಯಾಸಿಯ ಪಾತ್ರವಹಿಸಿದ ನಾಯಿಯ ಹೆಸರಿನಲ್ಲಿಯೂ, ಇಂಥ ವಿಮೆ ಮೊದಲಾಯಿತು. ಇಲ್ಲಿಯೂ ಬೆಲೆಯುಳ್ಳ ಪ್ರಾಣಿ ಮುಂದೆ, ನಾಯಿ ಹಿಂದೆ ಎಂಬುದನ್ನು ಗಮನಿಸಬೇಕು. ಹಲವರ ಸಣ್ಣ ಕಂತುಗಳಿಂದ ಕೆಲವರ ದೊಡ್ಡ ವೆಚ್ಚವನ್ನು ಹೊರುವುದು ವಿಮೆಯ ಮೂಲತತ್ತ್ವ. ಆದುದರಿಂದಲೇ ಮೊದಲೇ ಇದ್ದ ರೋಗಕ್ಕೆ ಅದು ಹಣ ಕೊಡುವುದಿಲ್ಲ. ವಯಸ್ಸು ಏರಿದಂತೆ ಕಂತೂ ಏರುತ್ತದೆ. ಭಾರತದ ನಾಯಿವಿಮೆಗಳಲ್ಲಿ ಸೇರುವ ವಯಸ್ಸಿಗೆ ಸಾಮಾನ್ಯವಾಗಿ ಒಂದು ಮಿತಿಯಿರುತ್ತದೆ. ಗಂತಿ ಕಂಡ ಮೇಲೆ ವಿಮೆಯನ್ನು ಅರಸುವುದು ಮನೆ ಹೊತ್ತಿದ ಮೇಲೆ ಬಾವಿ ತೋಡಿದಂತೆ.

ಮೂರನೆಯದು ಸಂಶೋಧನೆ. ನಾಯಿಯ ಕೆಲವು ಕ್ಯಾನ್ಸರುಗಳು ಮನುಷ್ಯನವನ್ನು ಬಹಳವಾಗಿ ಹೋಲುತ್ತವೆ. ಎಲುಬಿನ ಕ್ಯಾನ್ಸರ್ ಇದಕ್ಕೆ ನಿದರ್ಶನ. ಈ ಕಾರಣದಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು ೨೦೦೩ರಲ್ಲಿ ತುಲನಾತ್ಮಕ ಅಧ್ಯಯನಕ್ಕಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ಪ್ರಾರಂಭಿಸಿತು. ೨೦೦೯ರಲ್ಲಿ ಟೊಸೆರನಿಬ್ ಎಂಬುದು ನಾಯಿಗಳ ಕ್ಯಾನ್ಸರಿಗೆಂದೇ ಅಲ್ಲಿ ಅನುಮತಿ ಪಡೆದ ಮೊದಲ ಔಷಧವಾಯಿತು. ಇಂಥ ಪ್ರಯೋಗಗಳಿಗೆ ಆಯ್ಕೆಯಾದ ನಾಯಿಯ ವೆಚ್ಚವನ್ನು ಅನೇಕ ವೇಳೆ ಸಂಶೋಧಕರೇ ಭರಿಸುತ್ತಾರೆ. ಆದರೆ ಆಯ್ಕೆಯನ್ನು ನಿರ್ಣಯಿಸುವುದು ಪ್ರಯೋಗದ ಅವಶ್ಯಕತೆ, ಮನೆಯವರ ಕಷ್ಟವಲ್ಲ. ಬೇರೆ ರೋಗಗಳೂ ಕೂಡಿಕೊಂಡ ಮುದಿನಾಯಿ ಹಲವು ಸಲ ಹೊರಗುಳಿಯುತ್ತದೆ.

೪. ನಿರ್ಧಾರದ ಕಾಲ

ಮೂರು ದಾರಿಗಳಲ್ಲಿಯೂ ಮುದಿನಾಯಿ ಬಾಗಿಲ ಬಳಿಯಲ್ಲಿಯೇ ನಿಲ್ಲುವುದನ್ನು ಕಂಡೆವು. ಕಡೆಗೆ ಭಾರವು ಮನೆಯೊಡೆಯನ ಮೇಲೆಯೇ ಬೀಳುತ್ತದೆ. ಅದೂ ದುಃಖದಿಂದ ಬುದ್ಧಿ ಕಲಕಿದ ಹೊತ್ತಿನಲ್ಲಿ. ಇಲ್ಲಿ ಕಾಲಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ತಿಳಿದಿರುವುದು ಅವಶ್ಯ. ಲಿಂಫೋಮಕ್ಕೆ ಪ್ರೆಡ್ನಿಸೊಲೋನ್ ಮಾತ್ರೆಯೊಂದನ್ನೇ ಕೊಟ್ಟರೆ ವೆಚ್ಚ ಅತ್ಯಲ್ಪ. ನಾಯಿ ಕೆಲವು ವಾರಗಳ ಮಟ್ಟಿಗೆ ಚೇತರಿಸಿಕೊಂಡು ನೆಮ್ಮದಿಯಿಂದಿರುತ್ತದೆ. ಆದರೆ ಈ ಮಾತ್ರೆಯನ್ನು ಮೊದಲು ಕೊಟ್ಟು, ಆಮೇಲೆ ದೊಡ್ಡ ಚಿಕಿತ್ಸೆಗೆ ಮನಸ್ಸು ಮಾಡಿದರೆ, ಅಷ್ಟರಲ್ಲಿ ರೋಗವು ಔಷಧಗಳಿಗೆ ಬಗ್ಗದಂತಾಗಿರಬಹುದು. ಆದುದರಿಂದ ಮೊದಲ ಮಾತ್ರೆಗೆ ಮುಂಚೆಯೇ ವೈದ್ಯರನ್ನು ಕೇಳತಕ್ಕ ಪ್ರಶ್ನೆಗಳಿವೆ: ರೋಗ ಯಾವ ಬಗೆಯದು? ಒಟ್ಟು ವೆಚ್ಚವೆಷ್ಟು, ಪ್ರತಿ ಹಂತಕ್ಕೆ ಎಷ್ಟು? ನಡುವೆ ನಿಲ್ಲಿಸಿದರೆ ಏನಾಗುತ್ತದೆ? ದೊರೆಯುವ ಕಾಲದಲ್ಲಿ ನಾಯಿ ಉಣ್ಣುವುದೆ, ನಡೆಯುವುದೆ, ನೋವಿಲ್ಲದೆ ಮಲಗುವುದೆ?

ಈ ಪ್ರಶ್ನೆಗಳಿಗೆ ಉತ್ತರ ಪಡೆದು, ಸಾಲಮಾಡದೆ ತನ್ನಿಂದಾಗುವಷ್ಟನ್ನು ಗೊತ್ತುಮಾಡಿಕೊಂಡು, ನೋವನ್ನು ತಗ್ಗಿಸುವ ಚಿಕಿತ್ಸೆಯನ್ನಷ್ಟೇ ಆರಿಸಿದವನು ನಾಯಿಗೆ ದ್ರೋಹ ಮಾಡಿದನೆಂದು ಹೇಳಲಾಗದು. ಬಾಧೆ ತಾಳಲಾರದಾದಾಗ ವೈದ್ಯನ ಕೈಯಿಂದ ದಯಾಮರಣವನ್ನು ಕೊಡಿಸುವವನ ಮಾತೂ ಹಾಗೆಯೇ. ಶಕ್ತಿಯಿದ್ದು ಒಂದು ವರ್ಷದ ಬಾಳಿಗಾಗಿ ಹಣ ತೆತ್ತವನನ್ನು ಹುಚ್ಚನೆನ್ನುವುದೂ ನ್ಯಾಯವಲ್ಲ. ನಾಯಿಗೆ ತನ್ನ ಮುಂದಿನ ವರ್ಷದ ಕಲ್ಪನೆಯಿಲ್ಲ. ಇಂದಿನ ನೋವು ನಲಿವುಗಳ ಅರಿವು ಮಾತ್ರ ಇದೆ. ಹಳೆಯ ಕಾಲದಲ್ಲಿ ಬೆಲೆಯು ವೆಚ್ಚದ ಮೇರೆಯಾಗಿತ್ತು. ಆ ಸ್ಥಾನದಲ್ಲಿ ಇಂದು ನಿಲ್ಲಬೇಕಾದುದು ಪ್ರಾಣಿಯ ನೆಮ್ಮದಿಯೆಂದೂ, ಅದನ್ನು ಕಾಯುವ ಹಣದ ಏರ್ಪಾಡು ನಾಯಿ ಎಳೆಯದಾಗಿರುವಾಗಲೇ ಆಗತಕ್ಕದ್ದೆಂದೂ ಈ ವಿವೇಚನೆಯಿಂದ ನಮಗೆ ತೋರುತ್ತದೆ.